ಮೂರನೆಯ ಸಾಲಿನ ಸೊನ್ನೆ

ನಂದಾಳ ಸಂಶೋಧನಾ ಲೇಖನದಲ್ಲಿ ಇದ್ದದ್ದು ಒಂದೇ ಕೋಷ್ಟಕ, ಅದರಲ್ಲಿ ಮೂರು ಸಾಲು. ಮೊದಲ ಸಾಲಿನ ಹೂವುಗಳನ್ನು ಜೇನಿಗೆ ಬಿಡಲಾಗಿತ್ತು. ನೂರಕ್ಕೆ ಎಪ್ಪತ್ತು ಕಾಯಿ ಕಟ್ಟಿದ್ದವು. ಎರಡನೆಯ ಸಾಲಿನ ಹೂವುಗಳ ಗಂಡು ಭಾಗ ತೆಗೆದು, ಬಟ್ಟೆಯ ಚೀಲ ತೊಡಿಸಿ, ಬೇರೊಂದು ಗಿಡದ ಪರಾಗವನ್ನು ಕೈಯಿಂದ ಹಚ್ಚಲಾಗಿತ್ತು, ನೂರಕ್ಕೆ ಎಂಬತ್ತೆಂಟು. ಮೂರನೆಯ ಸಾಲಿನವುಗಳಿಗೆ ಚೀಲ ತೊಡಿಸಿ ಸುಮ್ಮನೆ ಬಿಡಲಾಗಿತ್ತು. ಇನ್ನೂರ ನಲವತ್ತು ಹೂವುಗಳಲ್ಲಿ ಒಂದೂ ಕಾಯಾಗಲಿಲ್ಲ. ಸೊನ್ನೆ.

ಆ ಸೊನ್ನೆಯ ಅರ್ಥ ಸರಳ. ಜೇನು ಬಾರದಿದ್ದರೆ ಈ ಗಿಡಕ್ಕೆ ಬೀಜವಿಲ್ಲ. ಜೇನು ಹೋದರೆ ಗಿಡವೂ ಹೋಗುತ್ತದೆ. ನಂದಾಳಿಗೆ ಪಿಎಚ್.ಡಿ. ಬಂದದ್ದು ಅದರಿಂದ. ಬೇರೆ ಊರುಗಳ ಸಂಶೋಧಕರು ಅವಳ ಲೇಖನವನ್ನು ಉಲ್ಲೇಖಿಸಿದ್ದೂ ಅದಕ್ಕಾಗಿಯೇ. ಎಂಟು ವರ್ಷದಿಂದ ಕಾಲೇಜೊಂದರಲ್ಲಿ ತಾಸಿಗಿಷ್ಟು ಎಂಬ ಲೆಕ್ಕದಲ್ಲಿ ಪಾಠ ಮಾಡುತ್ತಿದ್ದವಳಿಗೆ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಕಾಯಂ ಹುದ್ದೆಯೊಂದರ ಸಂದರ್ಶನದ ಪತ್ರ ಬಂದಿತ್ತು. ಅದು ಬಂದದ್ದೂ ಆ ಲೇಖನದ ಬಲದಿಂದ.

ಗಿಡ ದೊಡ್ಡದೇನಲ್ಲ. ಗೋವಾದ ಸಾಂಕ್ವಾಳದ ಮೇಲಿನ ಜಂಬಿಟ್ಟಿಗೆಯ ಬಯಲಿನಲ್ಲಿ, ಮಳೆ ಹಿಡಿದ ಮೇಲೆ ಕಲ್ಲಿನ ಸಂದುಗಳಲ್ಲಿ ಎದ್ದು ದೀಪಾವಳಿಯ ಹೊತ್ತಿಗೆ ಒಣಗುವ ಒಂದು ಕಾಡುಬೆಂಡೆ. ಹಳದಿ ಹೂವು, ನಡುವೆ ಕಡುಗೆಂಪು ಕಣ್ಣು. ಬೆಳಗ್ಗೆ ಏಳಕ್ಕೆ ಅರಳಿ ಮಧ್ಯಾಹ್ನ ಮೂರಕ್ಕೆ ಮುದುಡುತ್ತದೆ. ಸಸ್ಯಶಾಸ್ತ್ರದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದೆ. ಆ ದಾರಿಯಲ್ಲಿ ಕಾರ್ಖಾನೆಗೆ ಹೋಗುವ ಬಸ್ಸಿನವರಿಗೆ ಅದು ಕಳೆ.

ಆ ಹೂವುಗಳಿಗೆ ಪರಾಗ ಹಚ್ಚಿದವಳು ನಂದಾಳ ತಾಯಿ ಚಂದವ್ವ. ಅದು ಮಗಳ ಮೇಲಿನ ಮಮತೆಯಿಂದ ಮಾಡಿದ ಕೆಲಸವಲ್ಲ, ಬಲ್ಲವಳು ಮಾಡಿದ ಕೆಲಸ. ಗಂಡ ಹುಲಿಗೆಪ್ಪ ಕುಷ್ಟಗಿಯ ಕಡೆಯಿಂದ ವಾಸ್ಕೋಗೆ ಬಂದು ಬಂದರಿನಲ್ಲಿ ಮೂಟೆ ಹೊರುತ್ತಿದ್ದಾಗ, ಅವಳು ಪ್ರತಿವರ್ಷ ಎರಡು ತಿಂಗಳು ಊರಿಗೆ ಹೋಗಿ ಹೈಬ್ರಿಡ್ ಹತ್ತಿಯ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡಿ ಬರುತ್ತಿದ್ದಳು. ಸಂಜೆ ಮೊಗ್ಗಿನ ಗಂಡು ಭಾಗವನ್ನು ಹೆಬ್ಬೆರಳ ಉಗುರಿನಿಂದ ಸುಲಿದು ತೆಗೆಯಬೇಕು, ಹೆಣ್ಣು ಭಾಗಕ್ಕೆ ಗೀರು ತಾಗಬಾರದು. ಮರುದಿನ ಬೆಳಗ್ಗೆ ಗಂಡು ಹೂವನ್ನು ತಂದು ಅದಕ್ಕೆ ಸವರಿ ದಾರ ಕಟ್ಟಬೇಕು. ಹದಿನಾಲ್ಕು ವರ್ಷ ಅದನ್ನು ಮಾಡಿದ ಬೆರಳು ಅವಳದು. ವಿಶ್ವವಿದ್ಯಾಲಯದ ಪ್ರಯೋಗಾಲಯದ ಚಿಮಟ ಹಿಡಿದು ನಂದಾ ಹತ್ತು ಹೂವು ಮುಗಿಸುವಷ್ಟರಲ್ಲಿ ಚಂದವ್ವ ಬರಿಗೈಯಲ್ಲಿ ಅರವತ್ತು ಮುಗಿಸುತ್ತಿದ್ದಳು.

ಹುಲಿಗೆಪ್ಪ ತೀರಿಕೊಂಡ ಮೇಲೆ ನಂದಾ ಕೊರ್ಲಿಮಿನ ಒಂದು ಕಾರ್ಖಾನೆಯಲ್ಲಿ ಅರೆಹೊತ್ತು ದುಡಿದು ಓದಿದಳು. ಸಂಶೋಧನೆಯ ಆ ವರ್ಷ ಬಯಲಿಗೆ ಅವಳು ಹೋಗುತ್ತಿದ್ದದ್ದು ಭಾನುವಾರಗಳಂದು. ಉಳಿದ ಆರು ದಿನ ತಾಯಿಯದು. ಕೆಂಪು ದಾರದ ಹೂವಿಗೆ ಪರಾಗ ಹಚ್ಚು, ಬಿಳಿ ದಾರದ ಹೂವಿಗೆ ಹಚ್ಚಬೇಡ, ಇಷ್ಟನ್ನು ಹೇಳಿದ್ದಳು. ಚಂದವ್ವ ಹೇಳಿದಂತೆ ಮಾಡಿದ್ದಳು. ಏಕೆ ಹಚ್ಚಬಾರದು ಎಂದು ಅವಳು ಕೇಳಲಿಲ್ಲ, ಇವಳು ಹೇಳಲಿಲ್ಲ.

ಸಂದರ್ಶನಕ್ಕೆ ಮೂರು ವಾರವಿತ್ತು. ಜುಲೈ ತಿಂಗಳ ಒಂದು ಭಾನುವಾರ, ಹೊರಗೆ ಮಳೆ, ನಂದಾ ಲ್ಯಾಪ್‌ಟಾಪಿನ ಮುಂದೆ ಕುಳಿತು ಮಾತು ತಯಾರಿಸುತ್ತಿದ್ದಳು. ಎದುರು ಮನೆಯ ಖುರ್ಷಿದಾಬೇಗಂ ಚಹಾಕ್ಕೆ ಬಂದರು. ಅವರದು ರಾಣೇಬೆನ್ನೂರು, ಗಂಡ ಮೈಬೂಬಸಾಬ ವಾಸ್ಕೋದಲ್ಲಿ ಪೈಲಟ್, ಎಂದರೆ ಬಾಡಿಗೆಗೆ ಮೋಟಾರ್ ಸೈಕಲ್ ಓಡಿಸುವವರು. ಖುರ್ಷಿದಾಬೇಗಂ ಕೂಡ ಪ್ರಾಯದಲ್ಲಿ ಹತ್ತಿಯ ಪ್ಲಾಟುಗಳಲ್ಲಿ ದುಡಿದವರೇ. ಪರದೆಯ ಮೇಲಿನ ಚಿತ್ರ ನೋಡಿ ಹತ್ತಿರ ಬಂದರು.

"ಇದ್ಯಾವ ಕ್ರಾಸಿಂಗ್ ಪ್ಲಾಟ ನಂದಾ? ನಮ್ಮ ಊರಿಂದು ಇದ್ದಂಗ ಐತಿ."

"ಹತ್ತಿ ಅಲ್ರಿ ಚಾಚಿ, ಕಾಡುಬೆಂಡಿ. ಇಲ್ಲೇ ಗುಡ್ಡದ ಮ್ಯಾಗಿಂದು."

"ಬೆಂಡಿಗೂ ಟೊಪ್ಪಿಗಿ ಹಾಕೀರಿ! ಮದುವ್ಯಾಗ ನಮ್ಮ ಮನಿಯವರಿಗೂ ಇಷ್ಟು ಚಲೋ ಟೊಪ್ಪಿಗಿ ಇದ್ದಿದ್ದಿಲ್ಲ."

"ಆ ಟೊಪ್ಪಿಗಿ ಹೊಲದಾಕಿ ನಾನ," ಎಂದಳು ಚಂದವ್ವ, ಒಲೆಯ ಬದಿಯಿಂದ. "ಕ್ರಾಸಿಂಗ್ ಮಾಡಿದಾಕಿನೂ ನಾನ. ನೂರಕ್ಕ ಎಂಬತ್ತೆಂಟ."

"ಏ ಚಂದವ್ವಕ್ಕ, ಸುಳ್ಳ ಹೇಳಬ್ಯಾಡ. ಮಳ್ಯಾಗ ಎಂಬತ್ತೆಂಟ ಯಾರಿಗೂ ಬರಂಗಿಲ್ಲ."

"ಇಕೀನ ಕೇಳ. ಕಂಪ್ಯೂಟರದಾಗ ಐತಿ."

"ಸೆಲ್ಫ್ ಕಾಯಿ ಎಷ್ಟ ಬಿಟ್ಟಿದ್ದಿ ಹಂಗಾರ? ಕುಷ್ಟಗಿ ಮಂದಿ ಬಿಡ್ತೀರಿ. ನಮ್ಮ ಪ್ಲಾಟಿನ ಮಾಲಕ್ರು ಯಾವಾಗ್ಲೂ ಅಂತಿದ್ರು."

ಚಂದವ್ವನ ಕೈಯಲ್ಲಿ ಚಹಾದ ಪಾತ್ರೆಯಿತ್ತು. ಅದನ್ನು ಕೆಳಗಿಟ್ಟಳು.

"ಒಂದ! ಒಂದ ಬಿಟ್ಟಿದ್ರ ತೋರಸು! ಬಿಳೇ ದಾರದಾವ ಇದ್ವಲ್ಲ, ಕ್ರಾಸ್ ಮಾಡದ ಬಿಟ್ಟಾವು, ಚೀಲ ತಗದ ಮ್ಯಾಗ ಅವು ಉಬ್ಬೂದು ಕಂಡ್ರ ಸಾಕ, ಉಗುರಲೆ ಚಿವುಟಿ ಒಗದೇನಿ. ದಿನಾ ನೋಡೇನಿ. ಒಂದ ಸೆಲ್ಫ್ ಕಾಯಿ ಉಳದಿಲ್ಲ ಆ ಗುಡ್ಡದಾಗ."

"ಹಂಗಿದ್ರ ಚಲೋ," ಎಂದರು ಖುರ್ಷಿದಾಬೇಗಂ, ಒಪ್ಪಿಕೊಂಡವರ ಹಾಗೆ.

ನಂದಾಳ ಬೆರಳು ಕೀಲಿಮಣೆಯ ಮೇಲೆಯೇ ನಿಂತಿತು.

ಹತ್ತಿಯ ಪ್ಲಾಟಿನ ನಿಯಮ ಅವಳಿಗೆ ಗೊತ್ತಿಲ್ಲದ್ದಲ್ಲ. ಅಲ್ಲಿ ಬೇಕಾದದ್ದು ಬೆರಕೆ ಬೀಜ ಮಾತ್ರ. ಹೂವು ತನ್ನದೇ ಪರಾಗದಿಂದ ಕಟ್ಟಿದ ಕಾಯಿ ಸೆಲ್ಫ್ ಕಾಯಿ. ಅಂಥದೊಂದು ಉಳಿದರೂ ಇಡೀ ರಾಶಿ ತಿರಸ್ಕಾರವಾಗಬಹುದು. ಕಂಡಲ್ಲಿ ಕೀಳುವುದು ಅಲ್ಲಿನ ಮೊದಲ ಪಾಠ. ಆದರೆ ನಂದಾಳ ಮೂರನೆಯ ಸಾಲು ಇದ್ದದ್ದೇ ಆ ಕಾಯಿಗಳಿಗಾಗಿ. ಗಿಡ ತಾನಾಗಿ ಕಾಯಿ ಕಟ್ಟುತ್ತದೆಯೇ ಎಂದು ಕೇಳುವ ಸಾಲು ಅದು. ಗಿಡ ಉತ್ತರ ಕೊಟ್ಟಿತ್ತು, ಚಂದವ್ವ ಅದನ್ನು ಚಿವುಟಿ ಎಸೆದಿದ್ದಳು.

"ಎಷ್ಟ ಇದ್ವು ಅವ್ವ?"

"ಯಾವು?"

"ನೀ ಕಿತ್ತಾವು."

"ಯಾರಿಗೆ ಗೊತ್ತ? ದಿನಾ ನಾಕೈದ. ಒಮ್ಮೊಮ್ಮಿ ಹತ್ತ." ಮಗಳ ಮುಖ ನೋಡಿ ಅವಳ ದನಿ ಬದಲಾಯಿತು. "ಯಾಕ? ಏನಾತು?"

ನಂದಾ ಹೇಳಿದಳು. ಎಂಟು ವರ್ಷದ ಹಿಂದೆ ಹೇಳಬೇಕಾದದ್ದನ್ನು ಐದು ನಿಮಿಷದಲ್ಲಿ ಹೇಳಿದಳು. ಖುರ್ಷಿದಾಬೇಗಂ ಚಹಾ ಕುಡಿಯುವುದನ್ನೂ ಬಿಟ್ಟು ಕೇಳಿದರು. ಚಂದವ್ವ ಪೂರ್ತಿ ಕೇಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಅಂದ್ರ ನಾ ಕಳುವು ಮಾಡೇನಿ ಅಂತೀಯೇನ?"

"ಹಂಗಂದೆನೇನ?"

"ಹದಿನಾಕ ವರ್ಷ ನನ್ನ ಕೆಲಸಕ್ಕ ಯಾರೂ ಬಟ್ಟ ಮಾಡಿ ತೋರಿಸಿಲ್ಲ. ಕಾಯಿ ಬೇಕಿದ್ರ ಬೇಕ ಅನಬೇಕಿತ್ತ. ನಾ ಏನ ಕಾಲೇಜಿಗೆ ಹೋಗೇನೇನ ನಿನ್ನ ಹೊಟ್ಟಿಯೊಳಗಿಂದು ತಿಳಕೊಳಾಕ?"

"ಖರೇ ಐತಿ," ಎಂದಳು ನಂದಾ.

ಜಗಳ ಬೆಳೆಸಲು ಸಿದ್ಧಳಾಗಿ ನಿಂತಿದ್ದ ಚಂದವ್ವನಿಗೆ ಇದು ಸಾಲಲಿಲ್ಲ. ಆದರೆ ಮಗಳು ಆಗಲೇ ಎದ್ದು ಬೀರು ತೆರೆಯುತ್ತಿದ್ದಳು.

ತಾಯಿಯ ಮಾತೊಂದನ್ನೇ ನಂದಾ ನಂಬಿ ಕೂರಲಿಲ್ಲ. ವಿಜ್ಞಾನ ಅವಳಿಗೆ ಕಲಿಸಿದ್ದರಲ್ಲಿ ಮುಖ್ಯವಾದದ್ದು ಅದೇ. ಕೆಂಪು, ಬಿಳಿ ಎರಡೂ ದಾರಗಳ ತೊಟ್ಟುಗಳನ್ನು ಆ ವರ್ಷ ಭಾನುವಾರಗಳಂದು ಒಂದೊಂದಾಗಿ ಫೋಟೋ ತೆಗೆದಿದ್ದಳು. ಹಳೆಯ ಹಾರ್ಡ್ ಡಿಸ್ಕ್ ಹುಡುಕಿ ತೆರೆದಳು. ಹೂವು ತಾನಾಗಿ ಉದುರಿದರೆ ತೊಟ್ಟಿನ ಗಿಣ್ಣಿನಲ್ಲಿ ನುಣುಪಾದ ದುಂಡು ಗುರುತು ಉಳಿಯುತ್ತದೆ. ಚಿವುಟಿದರೆ ತೊಟ್ಟು ಓರೆಯಾಗಿ ಹರಿದು ನಾರು ಹೊರಗೆ ಚಾಚುತ್ತದೆ. ಇದು ಮೊದಲ ವರ್ಷದ ವಿದ್ಯಾರ್ಥಿಗೂ ಕಾಣುವಂಥದು, ಹುಡುಕಿದರೆ. ಎರಡು ದಿನ ಕುಳಿತು ಬಿಳಿ ದಾರದ ಇನ್ನೂರ ನಲವತ್ತು ಚಿತ್ರಗಳನ್ನೂ ಹಿಗ್ಗಿಸಿ ನೋಡಿದಳು. ನೂರ ಮೂರರಲ್ಲಿ ತೊಟ್ಟು ಹರಿದಿತ್ತು. ಕೆಲವುಗಳಲ್ಲಿ ಉಗುರಿನ ಗುರುತು ಅರ್ಧಚಂದ್ರದ ಹಾಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಸಾಕ್ಷ್ಯ ಎಂಟು ವರ್ಷ ಅವಳ ಬೀರುವಿನಲ್ಲೇ ಇತ್ತು. ಸೊನ್ನೆ ತನಗೆ ಬೇಕಾದ ಉತ್ತರವಾಗಿದ್ದರಿಂದ ಅವಳು ತೊಟ್ಟು ನೋಡಿರಲಿಲ್ಲ.

ಮರುದಿನ ಬಸ್ಸು ಹತ್ತಿ ಮಡಗಾಂವಿಗೆ ಹೋದಳು. ಅವಳ ಮಾರ್ಗದರ್ಶಕಿಯಾಗಿದ್ದ ಪ್ರೊಫೆಸರ್ ಗೌರಿಬಾಯಿ ನಿವೃತ್ತರಾಗಿ ಅಲ್ಲಿದ್ದರು. ಇಬ್ಬರೂ ಮಾತಾಡುತ್ತಿದ್ದದ್ದು ಕೊಂಕಣಿಯಲ್ಲಿ, ನಂದಾ ಅವರನ್ನು ಕರೆಯುತ್ತಿದ್ದದ್ದು ಬಾಯ್ ಎಂದು. ಗೌರಿಬಾಯಿ ಚಿತ್ರಗಳನ್ನು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

"ಇಷ್ಟು ಚೊಕ್ಕ ಸೊನ್ನೆಯನ್ನು ಗಿಡಗಳು ಕೊಡುವುದಿಲ್ಲ ಎಂದು ನಾನು ಆಗಲೇ ಒಮ್ಮೆ ಅಂದಿದ್ದೆ," ಎಂದರು.

"ಅಂದಿದ್ದಿರಿ. ಆಮೇಲೆ ಸಹಿ ಮಾಡಿದಿರಿ."

ಗೌರಿಬಾಯಿ ಇದನ್ನು ನುಂಗಿಕೊಂಡರು. ಅವರು ಕೆಟ್ಟವರಲ್ಲ. ಶಿಷ್ಯೆಯರಿಗಾಗಿ ಕಚೇರಿಗಳ ಮೆಟ್ಟಿಲು ಹತ್ತಿಳಿದವರು. "ನೋಡು ನಂದಾ, ಲೇಖನವನ್ನು ಹಿಂತೆಗೆದುಕೊಳ್ಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂದರ್ಶನ ಮುಗಿಯಲಿ. ಎಂಟು ವರ್ಷ ಉಳಿದ ತಪ್ಪು ಇನ್ನು ಮೂರು ವಾರ ಇರಲಾರದೇ? ಮುಂದಿನ ಹುದ್ದೆ ಯಾವಾಗ ಬರುತ್ತದೋ ಯಾರಿಗೆ ಗೊತ್ತು. ನಿನಗೆ ವಯಸ್ಸಿನ ಮಿತಿ ಬೇರೆ ಇದೆ."

"ಎಂಟು ವರ್ಷ ಅದು ತಪ್ಪೆಂದು ನನಗೆ ಗೊತ್ತಿರಲಿಲ್ಲ ಬಾಯ್. ಈಗ ಗೊತ್ತಿದೆ. ಗೊತ್ತಿದ್ದೂ ಅದನ್ನು ತೋರಿಸಿ ಕೆಲಸ ಕೇಳಿದರೆ ಆ ಕೆಲಸದಲ್ಲಿ ಕೂತು ಮಕ್ಕಳಿಗೆ ಏನು ಪಾಠ ಮಾಡಲಿ?"

"ದೊಡ್ಡ ಮಾತು."

"ಚಿಕ್ಕ ಮಾತೇ. ಪತ್ರಿಕೆಗೆ ಬರೆಯುವ ಪತ್ರ ಅರ್ಧ ಪುಟ."

ಲೇಖನದಲ್ಲಿ ಗೌರಿಬಾಯಿಯ ಹೆಸರೂ ಇದ್ದದ್ದರಿಂದ ಪತ್ರಕ್ಕೆ ಅವರದೂ ಸಹಿ ಬೇಕಿತ್ತು. ಪತ್ರವನ್ನು ಎರಡು ಸಲ ಓದಿದರು. ಆಮೇಲೆ ಹಾಕಿದರು. ವಾರದೊಳಗೆ ಪತ್ರಿಕೆಯ ಜಾಲತಾಣದಲ್ಲಿ ಅವಳ ಲೇಖನದ ಹೆಸರಿನ ಮೇಲೆ ಒಂದು ಕೆಂಪು ಪಟ್ಟಿ ಬಿತ್ತು: ಲೇಖಕರು ಹಿಂತೆಗೆದುಕೊಂಡಿದ್ದಾರೆ.

ಸಂದರ್ಶನದಲ್ಲಿ ಐದು ಜನ ಕೂತಿದ್ದರು. ನಡುವಿನವರು ಕಡತ ತಿರುವಿ, ಕೆಂಪು ಪಟ್ಟಿಯ ಮುದ್ರಿತ ಪ್ರತಿಯನ್ನು ಹೊರತೆಗೆದರು. ಅರ್ಜಿಗೆ ಸೇರಿಸಿರಿ ಎಂದು ನಂದಾ ತಾನೇ ಅದನ್ನು ಆಮೇಲೆ ಕಳಿಸಿದ್ದಳು.

"ಹಾಗಾದರೆ ನಿಮ್ಮ ಮುಖ್ಯ ಫಲಿತಾಂಶ ಯಾವುದು?"

"ಸದ್ಯಕ್ಕೆ ಇಲ್ಲ, ಸರ್. ಅಕ್ಟೋಬರಿನಲ್ಲಿ ಇರುತ್ತದೆ."

ಒಬ್ಬರು ನಕ್ಕರು. ಇನ್ನೊಬ್ಬರು, ತಪ್ಪು ಮಾಡಿದ ಆ ಕೆಲಸಗಾರ್ತಿಯನ್ನು ಮತ್ತೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು. "ಖಂಡಿತ," ಎಂದಳು. "ಕೈಪರಾಗದಲ್ಲಿ ಅವರಷ್ಟು ನುರಿತವರು ನನಗೆ ಗೊತ್ತಿಲ್ಲ. ತಪ್ಪಿದ್ದು ನನ್ನ ಸೂಚನೆ." ಅದು ತನ್ನ ತಾಯಿ ಎಂದು ಹೇಳಲಿಲ್ಲ. ಅದು ಅವರಿಗೆ ಬೇಕಾದ ಸಂಗತಿಯಲ್ಲ. ಹುದ್ದೆ ಬೇರೆಯವರಿಗೆ ಹೋಯಿತು.

ಆಗಸ್ಟ್ ಹದಿನೆಂಟಕ್ಕೆ ಮೊದಲ ಹೂವು ಅರಳಿತು. ನಂದಾ ಕಾಲೇಜಿಗೆ ಸಂಬಳವಿಲ್ಲದ ರಜೆ ಬರೆದುಕೊಟ್ಟಿದ್ದಳು. ಈ ಸಲ ಕೆಲಸ ಹಂಚಿದ ರೀತಿ ಬೇರೆ. ಕೈಪರಾಗದ ಸಾಲು ಬಯಲಿನ ಪೂರ್ವದ ಅಂಚಿನಲ್ಲಿ, ಚಂದವ್ವನದು. ಸುಮ್ಮನೆ ಬಿಡುವ ಸಾಲು ಪಶ್ಚಿಮದ ಅಂಚಿನಲ್ಲಿ, ನಂದಾಳದು ಮಾತ್ರ. ದಪ್ಪ ಬಟ್ಟೆಯ ಬದಲು ಸೊಳ್ಳೆ ಪರದೆಯ ಜಾಲರಿಯಿಂದ ಚೀಲ ಹೊಲಿಸಿದಳು. ಒಳಗೆ ಏನಾಗುತ್ತದೆ ಎಂದು ಕಾಣಬೇಕಿತ್ತು.

ಚಂದವ್ವನಿಗೆ ಮೊಣಕಾಲು ನೋವು. ಮೈಬೂಬಸಾಬ ದಿನಾ ತಮ್ಮ ಬೈಕಿನ ಮೇಲೆ ಅವಳನ್ನು ಗುಡ್ಡಕ್ಕೆ ಬಿಟ್ಟು ಬರುತ್ತಿದ್ದರು.

"ಗಟ್ಟಿ ಹಿಡ್ಕೊರಿ ಅಕ್ಕಾರ. ಬಿದ್ರ ನಂದಾ ನನ್ನ ಮ್ಯಾಗೂ ಚೀಲ ಹಾಕ್ತಾಳ."

"ನಿಮ್ಮ ಬಾಯಿಗೆ ಮೊದಲ ಹಾಕಬೇಕ್ರಿ."

ಬೆಳಗ್ಗೆ ಆರಕ್ಕೆ ನಂದಾ ಪ್ಲಾಸ್ಟಿಕ್ ಸ್ಟೂಲು ಹಾಕಿ ಕೂತರೆ ಮೂರರ ತನಕ ಏಳುತ್ತಿರಲಿಲ್ಲ. ಮಳೆ ಬಂದರೆ ಕೊಡೆ ಹೂವಿಗೆ, ತನಗೆ ರೇನ್‌ಕೋಟು. ಕಾರ್ಖಾನೆಯ ಬಸ್ಸಿನಲ್ಲಿ ಹೋಗುವ ಅವಳ ಊರ ಕಡೆಯ ಹುಡುಗರು ಕಿಟಕಿಯಿಂದ ಕೂಗುತ್ತಿದ್ದರು: "ಮೇಡಮ್ಮೋರ, ಅಲ್ಲಿ ಬಸ್ ನಿಂದ್ರಂಗಿಲ್ರಿ!" ಅವಳು ತಲೆ ಎತ್ತುತ್ತಿರಲಿಲ್ಲ. ಮೊದಲ ನಾಲ್ಕು ದಿನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಅರ್ಧ ಗಂಟೆಗೆ ಒಂದೇ ಮಾತು: ಬದಲಾವಣೆ ಇಲ್ಲ.

ಹೂವಿನ ನಡುವಿನ ಕಂಬದ ತುದಿಯಲ್ಲಿ ಐದು ಪುಟ್ಟ ಕೈಗಳಿರುತ್ತವೆ. ಪರಾಗವನ್ನು ಹಿಡಿಯುವ ಹೆಣ್ಣು ಭಾಗ ಅದು. ಅದರ ಕೆಳಗೆ, ಕಂಬದ ಸುತ್ತ, ಹೂವಿನದೇ ಪರಾಗದ ಚೀಲಗಳು. ಎರಡರ ನಡುವೆ ಕಾಳಿನಷ್ಟು ಅಂತರ. ಐದನೆಯ ದಿನ ಅವಳು ಮಸೂರವನ್ನು ಒಂದೇ ಹೂವಿನ ಮೇಲೆ ಇಟ್ಟು ಕೂತಳು. ಹನ್ನೆರಡೂವರೆಗೆ ಕೈಗಳು ನೆಟ್ಟಗಿದ್ದವು. ಒಂದೂಕಾಲಿಗೆ ಒಂದು ಕೈ ಓರೆಯಾಗಿತ್ತು. ಎರಡಕ್ಕೆ ಐದೂ ಹಿಂದಕ್ಕೆ ಬಾಗಿದ್ದವು. ಎರಡೂವರೆಗೆ ಅವುಗಳ ತುದಿ ಕೆಳಗಿನ ಪರಾಗದೊಳಗೆ ಅದ್ದಿತ್ತು. ಮೂರಕ್ಕೆ ಹೂವು ಮುಚ್ಚಿತು.

ಪಕ್ಕದಲ್ಲಿ ಚೀಲವಿಲ್ಲದ ಹೂವುಗಳನ್ನು ನೋಡಿದಳು. ಜೇನು ಬಂದು ಹೋದವುಗಳಲ್ಲಿ ಕೈಗಳು ಬಾಗಿರಲಿಲ್ಲ. ಬಾಗುವ ಅಗತ್ಯವಿರಲಿಲ್ಲ. ಗಿಡ ಮಧ್ಯಾಹ್ನದ ತನಕ ಜೇನಿಗೆ ಕಾಯುತ್ತದೆ. ಬಾರದಿದ್ದರೆ ಹೂವು ಮುಚ್ಚುವ ಮುನ್ನ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ. ಬೇರೆ ಕೆಲವು ಗಿಡಗಳಲ್ಲಿ ಇದನ್ನು ಮೊದಲೇ ಕಂಡವರಿದ್ದರು. ಈ ಗಿಡದಲ್ಲಿ ಯಾರೂ ಕಂಡಿರಲಿಲ್ಲ. ಅವಳು ತಾನೇ ಎಂಟು ವರ್ಷದ ಹಿಂದೆ ಇಲ್ಲವೆಂದು ಬರೆದಿದ್ದಳು.

ಮರುದಿನ ಒಂದು ಗಂಟೆಗೆ ತಾಯಿಯನ್ನು ಕರೆದು ಮಸೂರ ಕೊಟ್ಟಳು. ಚಂದವ್ವ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂರಲಾರದೆ ಸ್ಟೂಲಿನ ಮೇಲೆ ಕೂತು, ಒಂದೂವರೆ ಗಂಟೆ ಕದಲದೆ ನೋಡಿದಳು.

"ಅಯ್ಯ, ತಾನ ಹಚಗೊಂತು ನೋಡ!"

"ಹೂಂ."

"ಹತ್ತಿನೂ ಹಿಂಗ ಮಾಡ್ತಿತ್ತ ಅಂತೀಯೇನ? ನಾವು ಸಂಜೀ ಮುಂದ ಗಂಡಿಂದು ಸುಲದ ಬಿಡ್ತಿದ್ವಿ, ನೋಡಾಕ ಎಲ್ಲಿ ಬರ್ತಿತ್ತ?" ಮಸೂರವನ್ನು ಮಗಳ ಕೈಗೆ ಕೊಟ್ಟು, "ಆವತ್ತ ನಾ ಕೀಳಬಾರದಿತ್ತ," ಎಂದಳು.

"ನಾ ಹೇಳಬೇಕಿತ್ತ."

"ಅದನ್ನ ಎಷ್ಟ ಸಲ ಅಂತಿ? ನಡಿ, ನನ್ನ ಸಾಲಿಂದು ಇನ್ನ ಇಪ್ಪತ್ತ ಹೂ ಐತಿ."

ಅಕ್ಟೋಬರ್ ಕೊನೆಗೆ ಲೆಕ್ಕ ಬಂತು. ಸುಮ್ಮನೆ ಬಿಟ್ಟ ಮುನ್ನೂರು ಹೂವುಗಳಲ್ಲಿ ನೂರ ಮೂವತ್ತೊಂದು ಕಾಯಿ ಕಟ್ಟಿದ್ದವು. ಕಾಯಿಗಳು ಸಣ್ಣವು, ಬೀಜ ಕಡಿಮೆ. ಆ ಬೀಜದ ಸಸಿಗಳು ಎಷ್ಟು ಬಾಳುತ್ತವೆ ಎಂಬುದು ಇನ್ನೆರಡು ವರ್ಷದ ಕೆಲಸ. ಜೇನು ಹೋದರೆ ಗಿಡ ಕೂಡಲೇ ಹೋಗುವುದಿಲ್ಲ, ಬಡವಾಗುತ್ತ ಹೋಗಬಹುದು. ಹಳೆಯ ಸೊನ್ನೆಯಷ್ಟು ಸುಲಭವಾಗಿ ಹೇಳಿಬಿಡುವ ಮಾತು ಇದಲ್ಲ. ನಂದಾ ಇದನ್ನು ಹೀಗೆಯೇ ಬರೆದು ಬೇರೊಂದು ಪತ್ರಿಕೆಗೆ ಕಳಿಸಿದಳು. ಕೈಪರಾಗದ ಕೆಲಸ ಮಾಡಿದವರ ಹೆಸರು ಚಂದವ್ವ ಎಂದು ಬರೆದಳು. ವಿಧಾನದ ಭಾಗದಲ್ಲಿ ಒಂದು ವಾಕ್ಯ ಸೇರಿಸಿದಳು: 'ಮೊದಲ ಅಧ್ಯಯನದಲ್ಲಿ, ಹತ್ತಿ ಬೀಜದ ಪ್ಲಾಟುಗಳ ರೂಢಿಯಂತೆ, ತಾನಾಗಿ ಕಟ್ಟಿದ ಕಾಯಿಗಳನ್ನು ಕಿತ್ತುಹಾಕಲಾಗಿತ್ತು, ಹಾಗೆ ಮಾಡಲಾಗುತ್ತಿದೆಯೇ ಎಂದು ಲೇಖಕಿ ವಿಚಾರಿಸಿರಲಿಲ್ಲ.'

ಫೆಬ್ರವರಿಯಲ್ಲಿ ವಿಮರ್ಶಕರ ಅಭಿಪ್ರಾಯ ಬಂತು. ಕೆಲಸ ಚೆನ್ನಾಗಿದೆ, ಪ್ರಕಟಿಸಬಹುದು. ಆದರೆ ಆ ವಾಕ್ಯದ ಕೊನೆಯ ಭಾಗ ಅನಗತ್ಯ, ವೈಯಕ್ತಿಕ, ತೆಗೆಯಬೇಕು. ಗೌರಿಬಾಯಿ ಫೋನಿನಲ್ಲಿ, ತೆಗೆದುಬಿಡು, ಅದರಿಂದ ಯಾರಿಗೂ ನಷ್ಟವಿಲ್ಲ ಎಂದರು.

ನಂದಾ ಉತ್ತರ ಬರೆಯುತ್ತಿದ್ದಾಗ ಚಂದವ್ವ ಪಕ್ಕದಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಏನ ತಗಿ ಅಂತಾರ?"

ನಂದಾ ವಾಕ್ಯವನ್ನು ಕನ್ನಡದಲ್ಲಿ ಓದಿ ಹೇಳಿದಳು. "ಕೊನೀದು ತಗದ್ರ, ಕಿತ್ತಾಕಿದ್ದಷ್ಟ ಉಳೀತೈತಿ. ಓದಿದಾವ್ರು ಕೆಲಸದಾಕಿ ಕೆಡಿಸಿದ್ಲು ಅಂತ ತಿಳೀತಾರ."

"ನೀ ಏನ ಮಾಡಾಕತ್ತಿ ಮತ್ತ?"

"ತಗಿಯಂಗಿಲ್ಲ ಅಂತ ಬರ್ಯಾಕತ್ತೇನಿ. ಹಾಕಿದ್ರ ಪೂರಾ ಹಾಕಲಿ. ಇಲ್ಲಂದ್ರ ಬ್ಯಾರೆ ಪತ್ರಿಕಿಗೆ ಕಳಸ್ತೇನಿ."

"ಮತ್ತೊಂದ ವರ್ಷ ಹೋಕ್ಕೈತಿ."

"ಹೋಗಲಿ."

ಚಂದವ್ವ ಎಣ್ಣೆಯ ಬಟ್ಟಲನ್ನು ಮುಚ್ಚಿದಳು. "ಹಂಗಾರ ಬರಿ," ಎಂದಳು.

ಸಂಪಾದಕರು ಎರಡು ತಿಂಗಳು ಸುಮ್ಮನಿದ್ದರು. ಮೇ ಸಂಚಿಕೆಯಲ್ಲಿ ಲೇಖನ ಬಂತು, ವಾಕ್ಯ ಇಡಿಯಾಗಿ. ನಂದಾ ಈಗಲೂ ತಾಸಿನ ಲೆಕ್ಕದಲ್ಲೇ ಪಾಠ ಮಾಡುತ್ತಾಳೆ. ಮುಂದಿನ ಹುದ್ದೆಯ ಜಾಹೀರಾತಿಗೆ ಅರ್ಜಿ ಹಾಕಿದ್ದಾಳೆ. ಅದರ ಜೊತೆ ಎರಡೂ ಲೇಖನಗಳನ್ನು ಇಟ್ಟಿದ್ದಾಳೆ, ಕೆಂಪು ಪಟ್ಟಿ ಇದ್ದದ್ದನ್ನು ಮೇಲೆ.